ಸ್ಟೆಫಾನ್ ಪಂಚಕ: ಐದು ಗೆಲಾಕ್ಸಿಗಳನ್ನು ಸೆರೆಹಿಡಿದು ಗುರುತಿಸುವ ಬಗೆ

ದೂರದ ಗೆಲಾಕ್ಸಿಗಳ ಚಿತ್ರ ತೆಗೆದವರು ಚಿತ್ರ ಚೆನ್ನಾಗಿ ಮೂಡಿದೊಡನೆ ಕೆಲಸ ಮುಗಿಯಿತೆಂದು ಭಾವಿಸುವುದುಂಟು. ಅದರಲ್ಲಿ ಕಾಣುವ ಪ್ರತಿಯೊಂದು ಮಸುಕು ಕಲೆ ಯಾವುದು, ಅದು ಎಷ್ಟು ದೂರದಲ್ಲಿದೆ ಎಂದು ಹೇಳಲು ಬರುವವರೆಗೆ ಅರ್ಧ ಕೆಲಸವಷ್ಟೇ ಆಗಿರುತ್ತದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಕಲಿಯಲು ಪೆಗಾಸಸ್ ನಕ್ಷತ್ರಪುಂಜದಲ್ಲಿ ಒತ್ತಾಗಿ ಕಾಣುವ ಐದು ಗೆಲಾಕ್ಸಿಗಳ ಗುಂಪಾದ ಸ್ಟೆಫಾನ್ ಪಂಚಕ ಬಹಳ ಒಳ್ಳೆಯ ಗುರಿ. ಫ್ರೆಂಚ್ ಖಗೋಳವಿಜ್ಞಾನಿ ಎದ್ವಾರ್ ಸ್ಟೆಫಾನ್ 1877ರಲ್ಲಿ ಮಾರ್ಸೇ ವೀಕ್ಷಣಾಲಯದಿಂದ ಇದನ್ನು ಕಂಡುಹಿಡಿದರು. ಪಾಲ್ ಹಿಕ್ಸನ್ 1982ರಲ್ಲಿ ಪ್ರಕಟಿಸಿದ ನೂರು ಒತ್ತುಗುಂಪುಗಳ (ಹತ್ತಿರ ಹತ್ತಿರ ಕೂಡಿರುವ ಗೆಲಾಕ್ಸಿ ಗುಂಪುಗಳ) ಪಟ್ಟಿಯಲ್ಲಿ ಇದರ ಸಂಖ್ಯೆ 92.

ಸೆಪ್ಟೆಂಬರ್ ಆರಂಭದಲ್ಲಿ ಈ ಗುಂಪು ನಡುರಾತ್ರಿಯ ಹೊತ್ತಿಗೆ ಆಕಾಶದಲ್ಲಿ ಅತ್ಯಂತ ಎತ್ತರಕ್ಕೆ ಬರುತ್ತದೆ. ಮೊದಲು ಈಟಾ ಪೆಗಾಸಿ ನಕ್ಷತ್ರವನ್ನು ಗುರುತಿಸಿ, ಅಲ್ಲಿಂದ ನಾಲ್ಕು ಡಿಗ್ರಿಗಿಂತ ತುಸು ಹೆಚ್ಚು ದೂರ, ಉತ್ತರದಿಂದ ಸ್ವಲ್ಪ ಪಶ್ಚಿಮಕ್ಕೆ ವಾಲಿ ಸಾಗಿದರೆ ಎನ್‌ಜಿಸಿ 7331 (ಎನ್‌ಜಿಸಿ ಎಂದರೆ ಗೆಲಾಕ್ಸಿ ಮುಂತಾದವುಗಳ ಒಂದು ಪಟ್ಟಿ) ಎಂಬ ಪ್ರಕಾಶಮಾನ ಸುರುಳಿ ಗೆಲಾಕ್ಸಿ ಸಿಗುತ್ತದೆ. ಅದರಿಂದ ನೈಋತ್ಯಕ್ಕೆ, ದಕ್ಷಿಣದ ಕಡೆಗೇ ಹೆಚ್ಚು ವಾಲಿದಂತೆ, ಅರ್ಧ ಡಿಗ್ರಿ ಸರಿದರೆ ಪಂಚಕ.

ಇಡೀ ಗುಂಪಿನ ಹರವು ಸುಮಾರು 4 ಆರ್ಕ್ ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ ಆರ್ಕ್ ಮಿನಿಟ್, ಅದರ ಅರವತ್ತನೇ ಒಂದು ಭಾಗ ಆರ್ಕ್ ಸೆಕೆಂಡ್), ಎಂದರೆ ಹುಣ್ಣಿಮೆ ಚಂದ್ರನ ವ್ಯಾಸದ ಏಳನೇ ಒಂದು ಭಾಗಕ್ಕೂ ಕಡಿಮೆ. ಆದ್ದರಿಂದ ಮೊದಲು ಲೆಕ್ಕ ಹಾಕಬೇಕು: ಕ್ಯಾಮೆರಾದ ಪಿಕ್ಸೆಲ್ ಅಳತೆಯನ್ನು ಮೈಕ್ರಾನ್‌ಗಳಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಟೆಲಿಸ್ಕೋಪಿನ ನಾಭಿದೂರದ ಮಿಲಿಮೀಟರ್‌ಗಳಿಂದ ಭಾಗಿಸಿದರೆ ಒಂದು ಪಿಕ್ಸೆಲ್ ಆವರಿಸುವ ಆರ್ಕ್ ಸೆಕೆಂಡ್‌ಗಳು ಸಿಗುತ್ತವೆ. 3.76 ಮೈಕ್ರಾನ್ ಪಿಕ್ಸೆಲ್ ಮತ್ತು 800 ಮಿ.ಮೀ. ನಾಭಿದೂರವಿದ್ದರೆ ಉತ್ತರ ಹೆಚ್ಚುಕಡಿಮೆ 1. ಪಂಚಕ ಆಗ ಚಿತ್ರದಲ್ಲಿ 240 ಪಿಕ್ಸೆಲ್‌ಗಳಷ್ಟು ಅಗಲವಾಗಿ ಮೂಡುತ್ತದೆ. ಸುಮಾರು 20 ಆರ್ಕ್ ಸೆಕೆಂಡ್ ಅಂತರದಲ್ಲಿರುವ ಪಂಚಕದ ಜೋಡಿ ಗೆಲಾಕ್ಸಿಗಳಾದ ಎನ್‌ಜಿಸಿ 7318ಎ ಮತ್ತು 7318ಬಿಗಳ (ಮುಂದೆ ಎನ್‌ಜಿಸಿ ಸಂಖ್ಯೆಯನ್ನಷ್ಟೇ ಬರೆದಿದ್ದೇನೆ) ಕೇಂದ್ರಗಳನ್ನು ಬೇರೆಬೇರೆಯಾಗಿ ತೋರಿಸಲು ಇಷ್ಟು ಸಾಕು.

ಚಂದ್ರನಿಲ್ಲದ ರಾತ್ರಿಯಲ್ಲಿ ಎರಡು ಮೂರು ನಿಮಿಷಗಳ ಎಕ್ಸ್‌ಪೋಷರ್‌ಗಳನ್ನು, ಪ್ರತಿ ಕೆಲವು ಚಿತ್ರಗಳಿಗೊಮ್ಮೆ ಟೆಲಿಸ್ಕೋಪಿನ ಗುರಿಯನ್ನು ತುಸು ಕದಲಿಸುತ್ತ, ಒಟ್ಟು ನಾಲ್ಕು ಗಂಟೆಗಳಷ್ಟಾದರೂ ಸೇರಿಸಿ ಸ್ಟ್ಯಾಕ್ ಮಾಡಬೇಕು, ಎಂದರೆ ಒಂದರ ಮೇಲೊಂದು ಜೋಡಿಸಿ ಒಂದೇ ಚಿತ್ರವಾಗಿಸಬೇಕು. ಡಾರ್ಕ್ (ಮುಚ್ಚಳ ಹಾಕಿ ತೆಗೆದ) ಮತ್ತು ಫ್ಲಾಟ್ (ಸಮನಾಗಿ ಬೆಳಗಿದ ಮೇಲ್ಮೈಯ) ಚಿತ್ರಗಳನ್ನು ಬಿಡಬಾರದು. ನಕ್ಷತ್ರಗಳನ್ನು ಅಳಿಸುವ ತಂತ್ರಾಂಶವನ್ನು ಗುರುತಿಸುವ ಪ್ರತಿಯ ಮೇಲೆ ಬಳಸದಿರುವುದು ಲೇಸು, ಏಕೆಂದರೆ ಅದು ಪುಟ್ಟ ಗೆಲಾಕ್ಸಿಗಳನ್ನೂ ನಕ್ಷತ್ರವೆಂದೇ ಬಗೆದು ಅಳಿಸಿಬಿಡಬಹುದು.

ಬಳಿಕ ಚಿತ್ರವನ್ನು ಎಎಸ್‌ಟಿಎಪಿಯಂಥ ತಂತ್ರಾಂಶಕ್ಕೆ ಕೊಟ್ಟು ಪ್ಲೇಟ್ ಸಾಲ್ವ್ ಮಾಡಿ (ನಕ್ಷತ್ರಗಳ ಜೋಡಣೆಯಿಂದ ಚಿತ್ರ ಆಕಾಶದ ಯಾವ ಭಾಗದ್ದೆಂದು ಕಂಡುಕೊಂಡು), ಉತ್ತರ ಮೇಲಕ್ಕೂ ಪೂರ್ವ ಎಡಕ್ಕೂ ಬರುವಂತೆ ತಿರುಗಿಸಬೇಕು. ಆಗ ಎಡಗಡೆ ಮೇಲಿರುವುದು ಪಟ್ಟಿಸುರುಳಿ 7319, ಅದರ ನೇರ ಕೆಳಗಿರುವುದು 7320. ನಡುವೆ ಒಂದಕ್ಕೊಂದು ತಾಗಿದಂತಿರುವ ಜೋಡಿಯಲ್ಲಿ ಬಲಗಡೆಯದು 7318ಎ, ಎಡಗಡೆಯದು 7318ಬಿ. ಬಲ ಕೆಳಮೂಲೆಯಲ್ಲಿರುವ ದುಂಡನೆಯ 7317ರ ಪಕ್ಕದಲ್ಲೇ ನಮ್ಮ ಆಕಾಶಗಂಗೆಗೆ ಸೇರಿದ ಒಂದು ನಕ್ಷತ್ರವಿರುವುದರಿಂದ ಅಲ್ಲಿ ಎಡವುವುದು ಸುಲಭ. ಚಿತ್ರವನ್ನು ಹಿಗ್ಗಿಸಿ ನೋಡಿದರೆ ನಕ್ಷತ್ರದ ಅಂಚು ನಾಲ್ಕಾರು ಪಿಕ್ಸೆಲ್‌ಗಳೊಳಗೆ ಕಡಿದಂತೆ ಮುಗಿಯುತ್ತದೆ, ಗೆಲಾಕ್ಸಿಯ ಬೆಳಕು ಹಿನ್ನೆಲೆಯ ಕತ್ತಲೆಯೊಳಗೆ ಮೆಲ್ಲಗೆ ಕರಗುತ್ತದೆ.

ಈ ಐವರಲ್ಲಿ 7320 ನಿಜವಾಗಿ ಗುಂಪಿಗೆ ಸೇರಿದ್ದಲ್ಲ. ಅದು ನಮ್ಮಿಂದ ಸೆಕೆಂಡಿಗೆ ಸುಮಾರು 790 ಕಿ.ಮೀ. ವೇಗದಲ್ಲಿ ದೂರ ಸರಿಯುತ್ತಿದೆ, 7319 ಸುಮಾರು 6,700 ಕಿ.ಮೀ. ವೇಗದಲ್ಲಿ. 1961ರಲ್ಲಿ ಖಗೋಳವಿಜ್ಞಾನಿಗಳಾದ ಬರ್ಬಿಜ್ ದಂಪತಿಗಳು ವೇಗದ ಈ ಅಂತರವನ್ನು ಪ್ರಕಟಿಸಿದರು. ಹೆಚ್ಚು ವೇಗದಲ್ಲಿ ಸರಿಯುವ ಗೆಲಾಕ್ಸಿ ಸಾಮಾನ್ಯವಾಗಿ ಹೆಚ್ಚು ದೂರದಲ್ಲಿರುತ್ತದೆ; ದೂರದಲ್ಲಿ ಹೇಳುವುದಾದರೆ 7320ಕ್ಕೆ ಸುಮಾರು 4 ಕೋಟಿ ಜ್ಯೋತಿರ್ವರ್ಷ, ಉಳಿದ ನಾಲ್ಕಕ್ಕೆ ಸುಮಾರು 29 ಕೋಟಿ. ಇದನ್ನು ನಿಮ್ಮ ಕ್ಯಾಮೆರಾದಿಂದಲೇ ಪರೀಕ್ಷಿಸಬಹುದು, ನನಗೆ ಇಡೀ ಕೆಲಸದಲ್ಲಿ ಅತ್ಯಂತ ಪ್ರಿಯವಾದ ಭಾಗವೂ ಇದೇ. ದೂರ ಸರಿಯುವ ವಸ್ತುವಿನ ಬೆಳಕಿನ ತರಂಗದುದ್ದ ಹಿಗ್ಗುತ್ತದೆ. 656.3 ನ್ಯಾನೊಮೀಟರ್ ತರಂಗದುದ್ದದ ಹೈಡ್ರೋಜನ್ ಆಲ್ಫಾ ಬೆಳಕು (ಹೈಡ್ರೋಜನ್ ಅನಿಲ ಸೂಸುವ ಕೆಂಪು ಬೆಳಕು) 7320ರಿಂದ ಬರುವಾಗ 658ಕ್ಕೆ ಮಾತ್ರ ಸರಿದಿರುತ್ತದೆ. ಗುಂಪಿನ ನಿಜವಾದ ಸದಸ್ಯರಿಂದ ಬರುವಾಗ 669ರಿಂದ 671ರ ಆಸುಪಾಸಿಗೆ ಜಾರಿರುತ್ತದೆ. 656.3ರ ಸುತ್ತಲಿನ ಬೆಳಕನ್ನಷ್ಟೇ ಬಿಡುವ, 7 ನ್ಯಾನೊಮೀಟರ್ ಅಗಲದ ಫಿಲ್ಟರ್ ಹಾಕಿ ದೀರ್ಘ ಎಕ್ಸ್‌ಪೋಷರ್ ಕೊಟ್ಟು, ಅದನ್ನು ಫಿಲ್ಟರ್ ಇಲ್ಲದ ಚಿತ್ರದ ಪಕ್ಕದಲ್ಲಿಟ್ಟು ಹೋಲಿಸಿದಾಗ, ತಾರೆಗಳು ಹುಟ್ಟುವ ತಾಣಗಳ ಗಂಟುಗಳು 7320ರ ತೋಳುಗಳಲ್ಲಿ ಮಾತ್ರ ಎದ್ದು ಕಾಣುತ್ತವೆ.

ಇನ್ನು ಉಳಿದ ಕಲೆಗಳು. ಎಡಗಡೆ, 7319ಕ್ಕಿಂತ ತುಸು ಮೇಲೆ, ಗುಂಪಿನಿಂದ ಹೊರಗೆ ನಿಂತಿರುವ 7320ಸಿಯನ್ನು ಹುಡುಕಿ. ಸ್ಟ್ಯಾಕ್ ಸಾಕಷ್ಟು ಆಳವಾಗಿದ್ದರೆ 7320ರ ಹಿಂದಿನಿಂದ ಅದರತ್ತ ಬಾಗಿ ಹೋಗುವ ಮಬ್ಬು ಬಾಲವೂ ಕಾಣುತ್ತದೆ. ಅದಕ್ಕೂ ಚಿಕ್ಕದಾದವುಗಳ ಸ್ಥಾನಾಂಕಗಳನ್ನು ಸಾಲ್ವ್ ಮಾಡಿದ ಚಿತ್ರದಿಂದ ಬರೆದುಕೊಂಡು ಆಕಾಶಕಾಯಗಳ ಸಿಂಬಾಡ್ ಅಥವಾ ಎನ್‌ಇಡಿ ದತ್ತಾಂಶಕೋಶದಲ್ಲಿ ಒಂದೊಂದಾಗಿ ಹುಡುಕಬೇಕು. ಯಾವುದರ ಹೆಸರೂ ಸಿಗದಿದ್ದರೆ ಅಲಾಡಿನ್ ಎಂಬ ಆಕಾಶನಕ್ಷೆಯ ತಂತ್ರಾಂಶದಲ್ಲಿ ಅದೇ ಜಾಗದ ಹಳೆಯ ಸರ್ವೇಕ್ಷಣಾ ಚಿತ್ರವನ್ನು ತೆರೆದು, ಅಲ್ಲೂ ಆ ಕಲೆ ಇದೆಯೇ ಎಂದು ನೋಡಿದ ಮೇಲೆಯೇ ಅದಕ್ಕೆ ಗುರುತು ಹಾಕಬೇಕು.