ಟೈಲ್ಸ್ ಅಂಗಡಿಗೆ ಹೋಗುವ ಮುನ್ನ: ಒಂದು ಕೋಣೆಯ ಪೂರ್ತಿ ಲೆಕ್ಕ

ಅಂಗಡಿಯವರ ಲೆಕ್ಕ ಅರ್ಧ ನಿಮಿಷದ್ದು. 12 ಅಡಿ ಅಗಲ, 14 ಅಡಿ ಉದ್ದದ ಕೋಣೆ 168 ಚದರಡಿ. ಎರಡಡಿ ಟೈಲ್ಸ್, ಬಾಕ್ಸಿಗೆ ನಾಲ್ಕು, ಅಂದರೆ 16 ಚದರಡಿ. ಹತ್ತೂವರೆ ಬಾಕ್ಸ್, ವೇಸ್ಟೇಜ್ ಸೇರಿಸಿ 12 ಒಯ್ಯಿರಿ ಎನ್ನುತ್ತಾರೆ. ಅದೇ ಕೋಣೆಗೆ ಕೊನೆಗೆ ಹಿಡಿಯುವುದು 15. ವಿರಾಜಪೇಟೆ ಆಚೆಯ ತೋಟದ ಮನೆಯಿಂದ ಆ ಮೂರು ಬಾಕ್ಸಿಗಾಗಿ ಮತ್ತೆ ಮೈಸೂರಿಗೆ ಗಾಡಿ ಮಾಡಿಸಿದರೆ ಬಾಡಿಗೆಯೇ ಮಾಲಿನ ಬೆಲೆ ಮೀರಬಹುದು. ಹೋದರೂ ಅದೇ ಬ್ಯಾಚಿನ ಬಣ್ಣ ಸಿಗುವ ಖಾತ್ರಿಯಿಲ್ಲ.

ಮೊದಲು ಟೇಪು

ಗೋಡೆಯ ಗಾರೆ ಮುಗಿದ ಮೇಲೆಯೇ ಅಳೆಯಿರಿ. ಅಗಲವನ್ನು ಎರಡು ತುದಿ ಮತ್ತು ನಡುವೆ, ಹೀಗೆ ಮೂರು ಕಡೆ, ಉದ್ದವನ್ನೂ ಹಾಗೆಯೇ. ದಪ್ಪ ಮಣ್ಣಿನ ಗೋಡೆಯ ಹಳೆ ಮನೆಗಳಲ್ಲಿ ಎರಡು ತುದಿಗೆ ಎರಡು ಮೂರು ಇಂಚು ವ್ಯತ್ಯಾಸ ಇದ್ದರೆ ಆಶ್ಚರ್ಯವಿಲ್ಲ. ಲೆಕ್ಕಕ್ಕೆ ದೊಡ್ಡ ಅಳತೆಯನ್ನೇ ಹಿಡಿಯಿರಿ. ಬಳಿಕ ಮೂಲೆಯಿಂದ ಮೂಲೆಗೆ ಅಡ್ಡ ಅಳೆಯಿರಿ: 12x14ರ ಕೋಣೆ ಸರಿಯಾಗಿ ಮೂಲೆಮಟ್ಟದಲ್ಲಿದ್ದರೆ ಎರಡೂ ಕಡೆ ಸುಮಾರು 18 ಅಡಿ 5 ಇಂಚು ಬರಬೇಕು. ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಗೋಡೆಯಂಚಿನ ತುಂಡುಗಳು ಓರೆಯಾಗಿ ಕತ್ತರಿಸಬೇಕಾದವು, ವೇಸ್ಟೇಜ್ ಏರುತ್ತದೆ.

ಚದರಡಿ ಬಿಡಿ, ಟೈಲ್ಸ್ ಎಣಿಸಿ

ಎರಡಡಿ ಟೈಲ್ಸ್ ನಿಜದಲ್ಲಿ ಎರಡಡಿ ಇಲ್ಲ. ಅದು 600 ಮಿ.ಮೀ.; ಎರಡಡಿಗೆ ಸುಮಾರು 10 ಮಿ.ಮೀ. ಕಡಿಮೆ. ಹಾಗಾಗಿ ಬಾಕ್ಸಿಗೆ ಸಿಗುವುದು 15.5 ಚದರಡಿ. ಇದು ಸಣ್ಣ ತಪ್ಪು. ದೊಡ್ಡದು ಗೋಡೆಯಂಚಿನಲ್ಲಿದೆ.

2 ಮಿ.ಮೀ. ಸಂದು ಬಿಟ್ಟರೆ ಒಂದು ಟೈಲ್ಸ್ ಹಿಡಿಯುವ ಜಾಗ 602 ಮಿ.ಮೀ. 12 ಅಡಿ ಎಂದರೆ 3,658 ಮಿ.ಮೀ. ಒಂದು ಗೋಡೆಯಿಂದ ಇಡೀ ಟೈಲ್ಸ್ ಇಡುತ್ತ ಹೋದರೆ ಆರು ಕೂರುತ್ತವೆ, ಎದುರು ಗೋಡೆಗೆ ಉಳಿಯುವುದು ನಾಲ್ಕೂವರೆ ಸೆಂ.ಮೀ. ಪಟ್ಟಿ. 14 ಅಡಿಯ ಕಡೆಯೂ ಅದೇ ಪಾಡು: ಏಳು ಇಡೀ, ಕೊನೆಗೆ ಐದು ಸೆಂ.ಮೀ. ಇಷ್ಟು ಸಣ್ಣ ಪಟ್ಟಿ ಕಟ್ಟರಿನಲ್ಲಿ ಸೀಳುತ್ತದೆ, ಗೋಡೆ ಓರೆಯಿದ್ದರೆ ಒಂದು ತುದಿಯಲ್ಲಿ ಮಾಯವೇ ಆಗುತ್ತದೆ, ನೋಡಲಿಕ್ಕೂ ಚೆನ್ನಾಗಿಲ್ಲ.

ಒಂದು ಸಾಲು ಕಡಿಮೆ ಮಾಡಿ ಎರಡೂ ಅಂಚಿಗೆ ಸಮನಾದ ತುಂಡು ಇಡಿಸಿ. ಅಗಲಕ್ಕೆ ಐದು ಇಡೀ, ಎರಡು ಬದಿ ಸುಮಾರು 32 ಸೆಂ.ಮೀ. ತುಂಡು, ಉದ್ದಕ್ಕೆ ಆರು ಇಡೀ, ಎರಡು ಬದಿ ಅಷ್ಟೇ ತುಂಡು. 32 ಸೆಂ.ಮೀ. ಅರ್ಧಕ್ಕಿಂತ ಹೆಚ್ಚಾದ್ದರಿಂದ ಒಂದು ಟೈಲ್ಸಿನಲ್ಲಿ ಒಂದೇ ತುಂಡು ಬರುತ್ತದೆ. ಏಳು ಸಾಲು, ಎಂಟು ಟೈಲ್ಸ್: ಒಟ್ಟು 56, ಸರಿಯಾಗಿ 14 ಬಾಕ್ಸ್. ಒಡೆಯುವುದಕ್ಕೂ ಮುಂದೆ ರಿಪೇರಿಗೂ ಒಂದು. ಹದಿನೈದು ಆಗುವುದು ಹೀಗೆ.

ದುಂದು ಅನ್ನಿಸಿದರೆ ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಸುತ್ತಲೂ ಹಚ್ಚುವ ಪಟ್ಟಿ) ನೋಡಿ. ಕೋಣೆಯ ಸುತ್ತಳತೆ 52 ಅಡಿ, ಬಾಗಿಲಿನ 3 ಅಡಿ ಕಳೆದರೆ 49. ಅಂಚಿನ 26 ಟೈಲ್ಸ್ ಕತ್ತರಿಸಿದಾಗ ಒಂದೊಂದರಲ್ಲೂ ಸುಮಾರು 27 ಸೆಂ.ಮೀ. ಅಗಲ, 60 ಸೆಂ.ಮೀ. ಉದ್ದದ ಪಟ್ಟಿ ಮಿಗುತ್ತದೆ. ಕಂಪನಿಯ ನುಣುಪು ಅಂಚು ಮೇಲೆ ಬರುವಂತೆ ಒಂದೊಂದರಿಂದ ನಾಲ್ಕಿಂಚಿನ ಒಂದು ಪಟ್ಟಿ ತೆಗೆದರೆ 51 ಅಡಿ ಆಯಿತು. ಸ್ಕರ್ಟಿಂಗಿಗೆ ಬೇರೆ ಬಾಕ್ಸ್ ಬೇಡ. ಗೋಡೆಯಿಂದಲೇ ಇಡೀ ಟೈಲ್ಸ್ ಶುರು ಮಾಡಿದ್ದರೆ ಸ್ಕರ್ಟಿಂಗಿಗೆಂದೇ ಐದು ಟೈಲ್ಸ್ ಕೊಯ್ಯಬೇಕಿತ್ತು. ಒಡೆಯುವುದನ್ನೂ ಸೇರಿಸಿದರೆ ಅಲ್ಲೂ 14 ಬಾಕ್ಸ್ ಬೇಕು. ಚಂದದ ನೆಲಕ್ಕೆ ನೀವು ಹೆಚ್ಚು ಕೊಡುವುದು ಒಂದೇ ಬಾಕ್ಸಿನ ದುಡ್ಡು.

ನಿಮ್ಮ ಕೋಣೆಯ ಅಳತೆ ಬೇರೆ ಇರುತ್ತದೆ. ಚೌಕುಳಿ ಹಾಳೆಯಲ್ಲಿ ಹೀಗೆಯೇ ಬರೆದು ಎಣಿಸಿ, ಆ ಹಾಳೆಯನ್ನು ಮೇಸ್ತ್ರಿಯ ಕೈಗೆ ಕೊಡಿ. ಬಾಯಿಮಾತಿನಲ್ಲಿ ಹೇಳಿದ್ದು ನೆಲದ ಮೇಲೆ ಬರುವುದಿಲ್ಲ.

ಗಾರೆಯೋ, ಅಂಟೋ?

ಒಂದೂವರೆ ಇಂಚು ಗಾರೆ ಹಾಸಿ (1 ಪಾಲು ಸಿಮೆಂಟಿಗೆ 6 ಪಾಲು ಮರಳು) ಮೇಲೆ ಸಿಮೆಂಟ್ ಹಾಲು ಸುರಿದು ಕೂರಿಸುವುದು ಹಳೆಯ ಕ್ರಮ. ನಮ್ಮ 168 ಚದರಡಿಗೆ ಇದಕ್ಕೆ 5 ಚೀಲ ಸಿಮೆಂಟ್, 25 ಘನ ಅಡಿ ಒಣ ಮರಳು. ಮಳೆಗೆ ನೆನೆದ ಮರಳು ಉಬ್ಬಿ ಅಳತೆಯಲ್ಲಿ ಕಾಲುಭಾಗದಷ್ಟು ಹೆಚ್ಚು ತೋರುತ್ತದೆ. ಹಸಿ ಮರಳು ತರಿಸುವುದಾದರೆ 30 ಹೇಳಿ. ನೆಲ ತಗ್ಗಿದ್ದು ಇನ್ನೊಂದಿಂಚು ಏರಿಸಬೇಕಾದರೆ ಎರಡು ಚೀಲ ಸಿಮೆಂಟ್, 16 ಘನ ಅಡಿ ಮರಳು ಮೇಲೆ ಬೀಳುತ್ತದೆ.

ಆದರೆ ವಿಟ್ರಿಫೈಡ್ (ಗಾಜಿನಂತೆ ಗಟ್ಟಿಯಾಗುವ ಹಾಗೆ ಸುಟ್ಟ) ಟೈಲ್ಸ್ ಅರ್ಧ ಶೇಕಡಾದಷ್ಟೂ ನೀರು ಕುಡಿಯುವುದಿಲ್ಲ. ಕುಡಿಯದ ಬೆನ್ನಿಗೆ ಸಿಮೆಂಟ್ ಹಾಲು ಹಿಡಿಯುವುದೂ ಕಷ್ಟ. ವರ್ಷ ಕಳೆದ ಮೇಲೆ ಟೈಲ್ಸ್ ಡಬ್‌ಡಬ್ ಅನ್ನುವುದು ಬಹಳ ಮಟ್ಟಿಗೆ ಇದೇ ಕಾರಣಕ್ಕೆ. ಇದಕ್ಕೆ ಟೈಲ್ಸ್ ಅಂಟು ಬೇಕು. ಚೀಲದ ಮೇಲೆ ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಮಾನಕ), ಟೈಪ್ 2 ಅಥವಾ ಅದಕ್ಕಿಂತ ಮೇಲಿನದು ಎಂದಿರಲಿ. 3 ಮಿ.ಮೀ. ದಪ್ಪಕ್ಕೆ ಈ ಕೋಣೆಗೆ 20 ಕೆ.ಜಿ.ಯ ನಾಲ್ಕು ಚೀಲ. ನೆಲ ಮಟ್ಟ ಇದ್ದರೆ ಮಾತ್ರ ಈ ಲೆಕ್ಕ: ಆರಡಿ ಅಲ್ಯೂಮಿನಿಯಂ ಪಟ್ಟಿ ನೆಲಕ್ಕಿಟ್ಟು ನೋಡಿ, ಅಡಿಯಲ್ಲಿ 3 ಮಿ.ಮೀ.ಗಿಂತ ಹೆಚ್ಚು ಬೆಳಕು ಕಂಡರೆ ಮೊದಲು ಗಾರೆಯಿಂದ ಮಟ್ಟ ಮಾಡಿಸಿ. ಅಂಟಿನಲ್ಲೇ ಹಳ್ಳ ತುಂಬಿಸಿದರೆ ನಾಲ್ಕು ಚೀಲ ಎಂಟಾಗುತ್ತದೆ.

ಕೊಡಗಿನಲ್ಲಿ ತೂಕವೂ ಲೆಕ್ಕಕ್ಕೆ ಬರುತ್ತದೆ. ಅಂಟಾದರೆ 80 ಕೆ.ಜಿ.; ಗಾರೆಯಾದರೆ ಮರಳು, ಸಿಮೆಂಟ್ ಸೇರಿ ಒಂದೂವರೆ ಟನ್ ಹತ್ತಿರ. ಮುಖ್ಯ ರಸ್ತೆಯಲ್ಲಿ ಇಳಿಸಿ ಜೀಪಿನಲ್ಲಿ ಏರು ಹತ್ತಿಸಬೇಕಾದ ಮನೆಗಳಿಗೆ ದುಬಾರಿ ಅಂಟೇ ಅಗ್ಗ. 15 ಬಾಕ್ಸ್ ಟೈಲ್ಸ್ ಸುಮಾರು 430 ಕೆ.ಜಿ.; ಅಂಟು ಸೇರಿ ಒಂದೇ ಪಿಕಪ್ ಲೋಡು.

ಹಳೆ ಕಾವಿ ನೆಲದ ಮೇಲೆ ಹಾಕಿಸುವವರು ಕಾಸಿನಿಂದ ಬಡಿದು ನೋಡಿ, ಪೊಳ್ಳು ಕಂಡ ಕಡೆ ಕಿತ್ತು ಗಾರೆ ತುಂಬಿಸಬೇಕು. ಉಳಿದದ್ದನ್ನು ಉಳಿಯಿಂದ ಕಚ್ಚು ಹಾಕಿಸಿ. ಮೇಣ ತಿಕ್ಕಿದ ನುಣುಪಿಗೆ ಯಾವ ಅಂಟೂ ನಿಲ್ಲದು. ನೆಲ ಅರ್ಧ ಇಂಚು ಏರುತ್ತದೆ, ಬಾಗಿಲಿನ ತಳ ಹೆರೆಯುವ ಬಡಗಿಯ ಕೂಲಿಯನ್ನೂ ಬರೆದುಕೊಳ್ಳಿ.

ತೇವ

ಗುಡ್ಡ ಕಡಿದು ಕಟ್ಟಿದ ಮನೆಯಲ್ಲಿ ಹಿಂಬದಿಯ ಕೋಣೆಗೆ ನೆಲದಡಿಯಿಂದ ಒರತೆ ಬರುವುದುಂಟು. ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ 24 ಗಂಟೆ ಬಿಡಿ. ಅಡಿಯಲ್ಲಿ ಹನಿ ಕಂಡರೆ ಮೊದಲು ಹಿಂದಿನ ಚರಂಡಿ ಸರಿಮಾಡಿಸಿ. ಇಲ್ಲದಿದ್ದರೆ ಸಂದುಗಳಲ್ಲಿ ಬಿಳಿ ಉಪ್ಪು ಏಳುತ್ತದೆ, ಎಷ್ಟು ಒರೆಸಿದರೂ ಮತ್ತೆ ಬರುತ್ತದೆ. ಬೇಸಗೆಯ ಪರೀಕ್ಷೆಯನ್ನು ಪೂರ್ತಿ ನಂಬಬೇಡಿ. ಜುಲೈಯಲ್ಲಿ ಮಾಡಿದ್ದೇ ನಿಜ. ಜಗಲಿಗೆ ಹೊಳೆಯುವ ಟೈಲ್ಸ್ ಬೇಡವೇ ಬೇಡ, ಮ್ಯಾಟ್ ಇರಲಿ.

ದುಡ್ಡಿನ ಹಾಳೆ

ಕೆಳಗಿನ ದರಗಳು ಲೆಕ್ಕ ತೋರಿಸಲಿಕ್ಕೆ ಮಾತ್ರ. ನಿಮ್ಮ ಊರಿನದ್ದು ಹಾಕಿಕೊಳ್ಳಿ.

ಟೈಲ್ಸ್, ಬಾಕ್ಸಿಗೆ 850ರಂತೆ 15: 12,750 ರೂ.
ಅಂಟು, 450ರಂತೆ 4 ಚೀಲ: 1,800 ರೂ.
ಗ್ರೌಟ್ (ಸಂದು ತುಂಬುವ ಪುಡಿ) 2 ಕೆ.ಜಿ., 2 ಮಿ.ಮೀ. ಸ್ಪೇಸರ್ (ಸಂದು ಸಮ ಬರಲು ನಡುವೆ ಇಡುವ ಬಿಲ್ಲೆ): 300 ರೂ.
ಹಾಸುವ ಕೂಲಿ, ಚದರಡಿಗೆ 30: 5,040 ರೂ.
ಸ್ಕರ್ಟಿಂಗ್ ಕೂಲಿ, ಅಡಿಗೆ 20: 980 ರೂ.
ಬಾಡಿಗೆ, ಇಳಿಸುವ ಕೂಲಿ: 2,000 ರೂ.

ಒಟ್ಟು 22,870. ಕೈಮೀರಿದ ಖರ್ಚಿಗೆ ನೂರಕ್ಕೆ ಐದು ಸೇರಿಸಿದರೆ 24,000 ಸಮೀಪ. ಚದರಡಿಗೆ 55 ರೂ. ಎಂದು ಕೊಂಡ ಟೈಲ್ಸ್ ನೆಲದಲ್ಲಿ ಕೂರುವಾಗ 143 ಆಗಿರುತ್ತದೆ. ಅಂಗಡಿಯ ದರದಲ್ಲಿ 18 ಶೇಕಡಾ ಜಿಎಸ್‌ಟಿ ಸೇರಿದೆಯೇ, ಒಡೆಯದ ಬಾಕ್ಸ್ ವಾಪಸ್ ತೆಗೆದುಕೊಳ್ಳುತ್ತಾರೆಯೇ, ಎರಡನ್ನೂ ಬಿಲ್ಲಿನಲ್ಲೇ ಬರೆಸಿ. ಎಲ್ಲ ಬಾಕ್ಸಿನ ಬ್ಯಾಚ್ ಮತ್ತು ಶೇಡ್ ನಂಬರ್ ಒಂದೇ ಇದೆಯೇ ಎಂದು ಗಾಡಿಗೆ ಹೇರುವ ಮೊದಲೇ ನೋಡಿ. ಮೇಸ್ತ್ರಿಯ ಹತ್ತಿರ ಸ್ಕರ್ಟಿಂಗ್, ಗ್ರೌಟ್ ತುಂಬುವುದು, ಹಳೆ ನೆಲಕ್ಕೆ ಕಚ್ಚು ಹಾಕುವುದು ಚದರಡಿ ದರದೊಳಗೋ ಹೊರಗೋ ಎಂದು ಬಿಡಿಸಿ ಕೇಳಿ. ಹೆಚ್ಚಿನ ಜಗಳ ಹುಟ್ಟುವುದು ಇಲ್ಲಿ.

ಕೆಲಸಕ್ಕೆ ಒಳ್ಳೆಯ ಕಾಲ ಕಾಫಿ ಕುಯ್ಲು ಮುಗಿದ ಮೇಲೆ, ಮಾರ್ಚಿನಿಂದ ಮೇ ತನಕ. ಕುಯ್ಲಿನ ತಿಂಗಳುಗಳಲ್ಲಿ ಸಾಮಾನು ಹೊರಲೂ ಆಳು ಸಿಗುವುದು ಕಷ್ಟ.

ಟೈಲ್ಸ್ ಕೂರಿಸಿದ ಮೇಲೆ 24 ಗಂಟೆ ಯಾರೂ ಕಾಲಿಡಬಾರದು. ಮಳೆ, ಚಳಿ ಇದ್ದರೆ ಇನ್ನೊಂದು ದಿನ. ಆಮೇಲೆ, ಗ್ರೌಟ್ ತುಂಬುವ ಮುಂಚೆ, ಒಂದು ಮರದ ಹಿಡಿಯಿಂದ ಪ್ರತಿ ಟೈಲ್ಸಿನ ನಡುವೆಯೂ ನಾಲ್ಕು ಮೂಲೆಗೂ ತಟ್ಟಿ. ಪೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಅವನ್ನು ಎಬ್ಬಿಸಿ ಮತ್ತೆ ಕೂರಿಸಿದ ಮೇಲೆಯೇ ಬಾಕಿ ಕೂಲಿ ಕೊಡಿ. ಗ್ರೌಟ್ ಕೂತ ಮೇಲೆ ಒಂದನ್ನು ಎಬ್ಬಿಸಲು ಹೋದರೆ ಪಕ್ಕದ್ದರ ಅಂಚೂ ಒಡೆಯುತ್ತದೆ.