ಕಟ್ಟಡ ಬಿಟ್ಟೆವು, ಅಜ್ಜಿಯರನ್ನು ನಂಬಿದೆವು

2024ರ ಜನವರಿಯಲ್ಲಿ, ಉಗಾಂಡಾದಲ್ಲಿ ನಾವು ನಡೆಸುತ್ತಿದ್ದ ಮಕ್ಕಳ ಮನೆಯ, ಅಂದರೆ ಅನಾಥಾಲಯದ, ಕೊನೆಯ ಬಂಕ್ ಮಂಚ ಮಾರಿದೆವು. ಒಂದು ಕಾಲದಲ್ಲಿ ಆ ಮನೆಯಲ್ಲಿ 26 ಮಕ್ಕಳು ಮಲಗುತ್ತಿದ್ದರು. ಈಗ ಯಾರೂ ಇಲ್ಲ. ಆದರೆ ನನ್ನ ಲೆಕ್ಕದ ಪುಸ್ತಕದಲ್ಲಿ 70ಕ್ಕೂ ಜಾಸ್ತಿ ಮಕ್ಕಳ ಹೆಸರಿದೆ. ಅಜ್ಜಿ, ಚಿಕ್ಕಮ್ಮ, ದೊಡ್ಡ ಅಣ್ಣ, ಇಲ್ಲವೇ ಹತ್ತಿರದ ಕ್ರೈಸ್ತ ಸಭೆಯ ಒಂದು ಕುಟುಂಬ, ಹೀಗೆ ಒಬ್ಬೊಬ್ಬರೂ ಒಂದೊಂದು ಮನೆಯಲ್ಲಿ ಬೆಳೆಯುತ್ತಿದ್ದಾರೆ. ಒಟ್ಟು ಖರ್ಚು ಮೊದಲಿಗಿಂತ ಸ್ವಲ್ಪ ಕಡಿಮೆಯೇ. "ಇದು ಆಗೋ ಮಾತಲ್ಲ" ಅಂದವರು ತುಂಬ ಜನ. ಆಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮಿಷನರಿಯಾಗಿ ಪೂರ್ಣಾವಧಿ ಸೇವೆಗೆ ಹೊರಟವರಿಗೆ ದೇವರ ಕರೆ, ಬೆಂಬಲ ಪತ್ರ, ಪರ್ಮಿಟ್, ಹಳದಿ ಜ್ವರದ ಲಸಿಕೆ ಇದೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು, ನಾವು ಎಡವಿದ್ದು ಎಲ್ಲಿ, ದುಡ್ಡು ಹೋದದ್ದು ಎಲ್ಲಿ, ಅದನ್ನು ಹೇಳುತ್ತೇನೆ.

ನಾನು ಲೆಕ್ಕಪತ್ರದ ಕೆಲಸ ಮಾಡಿದವಳು. ನಮ್ಮವರು ಮೇಷ್ಟ್ರು. 2012ರಲ್ಲಿ ಸಭೆಯವರ ಜೊತೆ ಎರಡು ವಾರಕ್ಕೆಂದು ಉಗಾಂಡಾಕ್ಕೆ ಬಂದಿದ್ದೆವು. ವಾಪಸ್ ಹೋದ ವಾರದಲ್ಲೇ ನಮ್ಮವರಿಗೆ, ಅಲ್ಲೇ ಹೋಗಿ ನೆಲೆಸಬೇಕು ಅನ್ನುವ ದೇವರ ಚಿತ್ತ ಸ್ಪಷ್ಟವಾಯಿತು. ನನಗೆ ಆಗಲಿಲ್ಲ. ಹದಿನಾಲ್ಕು ತಿಂಗಳು ಬೇಕಾಯಿತು. ಬೆಳಗ್ಗೆ ಪ್ರಾರ್ಥನೆ ಮಾಡುತ್ತಿದ್ದೆ, ರಾತ್ರಿ ಲೆಕ್ಕ ಹಾಕುತ್ತಿದ್ದೆ. ತಿಂಗಳಿಗೆ 2,800 ಡಾಲರ್ ಬೇಕು ಅಂತ ಬರೆದುಕೊಂಡಿದ್ದೆ. ಕೊಡುತ್ತೇವೆ ಅಂತ ಮಾತು ಕೊಟ್ಟವರದ್ದೆಲ್ಲ ಸೇರಿಸಿದರೂ 2,100ರ ಹತ್ತಿರ ನಿಂತಿತು. ಒಂದು ರಾತ್ರಿ ಆ ಹಾಳೆಯ ಮುಂದೆ ಕೂತಾಗಲೇ ನನಗೆ ಸಮಾಧಾನ ಬಂತು. ಕೊರತೆ ತುಂಬಲಿಲ್ಲ, ಭಯ ಮಾತ್ರ ಹೋಯಿತು. ಮನೆ ಮಾರಿದೆವು.

ಮಗಳಿಗೆ ಆಗ ಒಂಬತ್ತು ವರ್ಷ, ಮಗನಿಗೆ ಆರು. ಮಗಳು ಒಂದು ಷರತ್ತು ಹಾಕಿದಳು. ದಿನಾ ರಾತ್ರಿ ಊಟಕ್ಕೆ ನಾವು ನಾಲ್ಕೇ ಜನ ಕೂರಬೇಕು. ಕಾಗದದ ಮೇಲೆ ಬರೆಸಿ ಇಬ್ಬರಿಂದಲೂ ಸಹಿ ಹಾಕಿಸಿಕೊಂಡಳು. 2014ರ ಫೆಬ್ರುವರಿಯಲ್ಲಿ ದಕ್ಷಿಣ ಉಗಾಂಡಾದ ಮಸಾಕಾ ಕಡೆ ಬಂದು ಇಳಿದೆವು. ಮಕ್ಕಳ ಮನೆ ಶುರುವಾದ ಮೊದಲ ತಿಂಗಳಲ್ಲೇ ಆ ಮಾತು ಮುರಿದೆವು.

ಮಸಾಕಾ ಯಾಕೆ ಅಂದರೆ, ಆ ಸೀಮೆಯ ಕಥೆ ನಿಮಗೆ ಗೊತ್ತಿರಬೇಕು. ಪಕ್ಕದ, ಆಗಿನ ರಕಾಯಿ ಜಿಲ್ಲೆಯಲ್ಲಿ, ವಿಕ್ಟೋರಿಯಾ ಸರೋವರದ ದಡದ ಕಸೆನ್ಸೆರೊದಲ್ಲಿ, 1982ರಲ್ಲಿ ದೇಶದ ಮೊದಲ ಏಡ್ಸ್ ಪ್ರಕರಣಗಳು ಕಂಡವು. ಮೈ ಸೊರಗಿ ಹೋಗುವುದರಿಂದ ಜನ ಅದನ್ನು "ಸ್ಲಿಮ್" ಅನ್ನುತ್ತಿದ್ದರು. ಒಂದು ತಲೆಮಾರಿನ ಅಪ್ಪ ಅಮ್ಮಂದಿರೇ ಹೋದರು. ಮೊಮ್ಮಕ್ಕಳನ್ನು ಸಾಕಿದವರು ಅಜ್ಜಿಯರು, ಅಲ್ಲಿಯ ಮಾತಿನಲ್ಲಿ ಜಜ್ಜಾ. ಇದೆಲ್ಲ ಓದಿಕೊಂಡೇ ಬಂದಿದ್ದೆವು. ಆದರೂ ನಾವು ಮಾಡಿದ ಮೊದಲ ಕೆಲಸ ಆ ಅಜ್ಜಿಯರ ಕೈಯಿಂದ ಮಕ್ಕಳನ್ನು ತೆಗೆದುಕೊಂಡು ಬಾಡಿಗೆ ಮನೆಯಲ್ಲಿ ಇಟ್ಟದ್ದು.

ಮೂರು ವರ್ಷ ಹಾಗೇ ನಡೆಸಿದೆವು. ಬಾಡಿಗೆ, ಮೂವರು ಆಯಾ, ರಾತ್ರಿ ಕಾವಲು, ಜನರೇಟರ್, ನೀರಿನ ಟ್ಯಾಂಕು, ಶಾಲೆ ಫೀಸು. ಒಂದು ಮಗುವಿಗೆ ತಿಂಗಳಿಗೆ 105ರಿಂದ 110 ಡಾಲರ್ ಬೀಳುತ್ತಿತ್ತು. ಅದರಲ್ಲಿ ಅರ್ಧಕ್ಕೂ ಜಾಸ್ತಿ ಕಟ್ಟಡಕ್ಕೆ ಮತ್ತು ಸಂಬಳಕ್ಕೆ ಹೋಗುತ್ತಿತ್ತು, ಮಗುವಿನ ಹೊಟ್ಟೆಗಲ್ಲ.

ಒಂದು ದಿನ ದಿಂಬಿನ ಚೀಲ ಒಗೆಯಲು ತೆಗೆದೆ. ಒಳಗೆ ಒಣಗಿದ ಪೋಶೋ ಉಂಡೆಗಳು. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ ಅದು. ಕಲ್ಲಿನ ಹಾಗೆ ಆಗಿತ್ತು, ಅಂಚಿನಲ್ಲಿ ಹಸಿರು ಬೂಷ್ಟು. ಆ ಹುಡುಗ ನಮ್ಮಲ್ಲಿಗೆ ಬಂದು ಎರಡು ವರ್ಷವಾಗಿತ್ತು. ದಿನಕ್ಕೆ ಮೂರು ಹೊತ್ತು ಊಟ ಸಿಗುತ್ತಿತ್ತು. ಆದರೂ ನಾಳೆ ಸಿಗುತ್ತದೆ ಅನ್ನೋ ನಂಬಿಕೆ ಬಂದಿರಲಿಲ್ಲ. ಸಣ್ಣ ಮಕ್ಕಳಂತೂ ಗೇಟಿನಲ್ಲಿ ಯಾರು ಬಂದರೂ ಎತ್ತಿಕೋ ಅಂತ ಕೈ ಚಾಚುತ್ತಿದ್ದರು. ನೋಡಲು ಬಂದ ಅತಿಥಿಗಳು "ಎಷ್ಟು ಪ್ರೀತಿ ಈ ಮಕ್ಕಳಿಗೆ" ಅನ್ನುತ್ತಿದ್ದರು. ನನಗೆ ಅದು ಪ್ರೀತಿ ಅನ್ನಿಸುತ್ತಿರಲಿಲ್ಲ. ನನ್ನ ಮಗ ಗುರುತಿಲ್ಲದವರನ್ನು ಕಂಡರೆ ನನ್ನ ಹಿಂದೆ ಅಡಗುತ್ತಿದ್ದ. ಮಗು ಅಂದರೆ ಹಾಗಿರಬೇಕು ಅಲ್ವಾ? ಆಮೇಲೆ ಬುಖಾರೆಸ್ಟ್‌ನಲ್ಲಿ ನಡೆದ ಅಧ್ಯಯನದ ಬಗ್ಗೆ ಓದಿದೆ. ರೊಮೇನಿಯಾದ ಅನಾಥಾಲಯಗಳ 136 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದರು. ಮನೆಗೆ ಹೋದವರು ಬುದ್ಧಿಯಲ್ಲೂ ಮನಸ್ಸಿನಲ್ಲೂ ಚೆನ್ನಾಗಿ ಬೆಳೆದಿದ್ದರು, ಅದರಲ್ಲೂ ಎರಡು ವರ್ಷದೊಳಗೆ ಹೋದವರು. ನಾನು ಕಣ್ಣಾರೆ ಕಂಡದ್ದೇ ಅಲ್ಲಿ ಬರೆದಿತ್ತು.

ಭಾನುವಾರ ತಪ್ಪದೆ ಒಬ್ಬ ಜಜ್ಜಾ ಬರುತ್ತಿದ್ದರು. ಹನ್ನೊಂದು ಕಿಲೋಮೀಟರ್ ನಡೆದು, ತಲೆಯ ಮೇಲೆ ಮಟೋಕೆ ಬಾಳೆಗೊನೆ ಹೊತ್ತು. ನಮ್ಮಲ್ಲಿದ್ದ ಮೂವರು ಅವರ ಮೊಮ್ಮಕ್ಕಳು. ಗೊನೆ ಇಳಿಸಿ, ಮೂವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಒಬ್ಬೊಬ್ಬರ ಕಾಲ ಬೆರಳು ಬಿಡಿಸಿ ಚಿಗಟದ ಹುಳ ಕೂತಿದೆಯೇ ಅಂತ ನೋಡುತ್ತಿದ್ದರು. ನಮ್ಮ ಮೂವರು ಆಯಾಗಳೂ ಅದನ್ನು ಒಂದು ದಿನವೂ ಮಾಡಿರಲಿಲ್ಲ. ನನ್ನ ಮಗಳು ಕೇಳಿದಳು, "ಅಮ್ಮ, ಇವರಿಗೆ ಅಜ್ಜಿ ಇದ್ದಾರಲ್ಲ. ಮತ್ತೆ ನಮ್ಮ ಹತ್ತಿರ ಯಾಕಿದ್ದಾರೆ?" ಅವರನ್ನೇ ಕೇಳಿದೆ. ಉತ್ತರ ಎರಡು ಮಾತಿನದ್ದು. ಶಾಲೆ ಫೀಸು, ಸೋರುವ ಮಾಡು.

ಅವತ್ತು ರಾತ್ರಿ 26 ಮಕ್ಕಳ ಫೈಲು ಹರಡಿಕೊಂಡು ಕೂತೆವು. 22 ಮಕ್ಕಳಿಗೆ ಹೆಸರು ಗೊತ್ತಿರುವ ಹತ್ತಿರದ ಸಂಬಂಧಿಕರಿದ್ದರು. ಒಂಬತ್ತು ಮಕ್ಕಳಿಗೆ ಅಮ್ಮನೋ ಅಪ್ಪನೋ ಬದುಕಿದ್ದರು. ಒಬ್ಬೊಂಟಿಗರನ್ನು ದೇವರು ಮನೆಯಲ್ಲಿ ನೆಲೆಗೊಳಿಸುತ್ತಾನೆ ಅಂತ 68ನೇ ಕೀರ್ತನೆಯಲ್ಲಿದೆ. ನಾವು ಅದನ್ನು ಗೋಡೆಗೆ ಹಾಕಿಕೊಂಡಿದ್ದೆವು. ನಮ್ಮವರು ಎದ್ದು ಹೋಗಿ ಆ ಹಲಗೆಯ ಮುಂದೆ ತುಂಬ ಹೊತ್ತು ನಿಂತಿದ್ದರು.

ಮಕ್ಕಳನ್ನು ಅವರವರ ಸಂಬಂಧಿಕರ ಮನೆಗೆ ಕಳಿಸುತ್ತೇವೆ ಅಂದಾಗ ವಿರೋಧ ಬಂದದ್ದು ನಮ್ಮ ಸ್ವಂತ ಊರಿನಿಂದ. ದುಡ್ಡು ಕಳಿಸುವ ಬೆಂಬಲಿಗರಿಗೆ ಕಟ್ಟಡ ಬೇಕಿತ್ತು, ಫೋಟೋ ಬೇಕಿತ್ತು. ಒಂದು ಸಭೆಯವರು ಹೊಸ ಕಟ್ಟಡಕ್ಕೆ 18,000 ಡಾಲರ್ ಎತ್ತಿಟ್ಟಿದ್ದರು. ಬೇಡ ಅಂದೆವು. ಅವರು ತಿಂಗಳಿಗೆ ಕೊಡುತ್ತಿದ್ದ 600 ಡಾಲರನ್ನೂ ನಿಲ್ಲಿಸಿದರು. ಒಬ್ಬ ಹಿರಿಯರು "ಮಕ್ಕಳನ್ನು ಬೀದಿಗೆ ಬಿಡ್ತಿದ್ದೀಯಮ್ಮ" ಅಂದರು. ಆ ಮಾತು ಈಗಲೂ ನೋಯುತ್ತದೆ, ಯಾಕೆಂದರೆ ಮೊದಲ ವರ್ಷ ಅವರು ಹೇಳಿದ ಹಾಗೇ ಆಯಿತು.

2017ರಲ್ಲಿ ಅವಸರವಾಗಿ ಆರು ಮಕ್ಕಳನ್ನು ಕಳಿಸಿದೆವು. ಹಾಸಿಗೆ, ಪಾತ್ರೆ, ಒಂದು ಆಡು, ಕೈಗೆ ಮೂರು ತಿಂಗಳ ದುಡ್ಡು. ಮೂರು ಕಡೆ ಕೆಟ್ಟಿತು. ಒಂದು ಮನೆಯಲ್ಲಿ ಚಿಕ್ಕಪ್ಪ ಆಡು ಮಾರಿ ಕುಡಿದ. ಇನ್ನೊಂದು ಕಡೆ ಹನ್ನೊಂದು ವರ್ಷದ ಹುಡುಗಿಯನ್ನು ಶಾಲೆ ಬಿಡಿಸಿ ಪಟ್ಟಣದಲ್ಲಿ ಮನೆಗೆಲಸಕ್ಕೆ ಇಟ್ಟಿದ್ದರು. ಏಳು ವಾರ ನಮಗೆ ಗೊತ್ತೇ ಆಗಲಿಲ್ಲ. ಆ ಏಳು ವಾರಕ್ಕಾಗಿ ದೇವರ ಹತ್ತಿರ ಕ್ಷಮೆ ಕೇಳಿದ್ದೇನೆ, ಅವಳ ಹತ್ತಿರವೂ ಕೇಳಿದ್ದೇನೆ. ಮೂರನೆಯವನು ತಾನೇ ಓಡಿ ವಾಪಸ್ ಬಂದ.

ಇದರಿಂದ ಕಲಿತದ್ದು ಹೇಳುತ್ತೇನೆ. ಒಂದು ಮಗುವನ್ನು ಕಳಿಸಲು ಈಗ ಆರರಿಂದ ಎಂಟು ತಿಂಗಳು ತೆಗೆದುಕೊಳ್ಳುತ್ತೇವೆ. ಮೊದಲು ಅಜ್ಜಿ ಬರುತ್ತಾರೆ, ಆಮೇಲೆ ಮಗು ಶನಿವಾರ ಹೋಗಿ ಭಾನುವಾರ ಬರುತ್ತದೆ, ಆಮೇಲೆ ರಜೆ ಪೂರ್ತಿ. ಊರಿನ ಎಲ್‌ಸಿ ಒನ್, ಅಂದರೆ ಗ್ರಾಮ ಮಂಡಳಿಯ, ಅಧ್ಯಕ್ಷರ ಮೊಹರಿನ ಪತ್ರ ಬೇಕು, ಮಕ್ಕಳ ರಕ್ಷಣೆ ನೋಡಿಕೊಳ್ಳುವ ಜಿಲ್ಲೆಯ ಪ್ರೊಬೇಷನ್ ಅಧಿಕಾರಿಯ ಒಪ್ಪಿಗೆ ಬೇಕು. ದುಡ್ಡನ್ನು ಕೈಗೆ ಕೊಡುವುದಿಲ್ಲ. ಫೀಸು ನೇರವಾಗಿ ಶಾಲೆಗೆ, ವರ್ಷಕ್ಕೆ ಮೂರು ಟರ್ಮ್. ಪ್ರಾಥಮಿಕ ಶಾಲೆ 1997ರಿಂದ ಉಚಿತ ಅನ್ನುತ್ತಾರೆ, ಆದರೆ ಸಮವಸ್ತ್ರ, ಪುಸ್ತಕ, ಮಧ್ಯಾಹ್ನದ ಗಂಜಿ ಯಾವುದೂ ಉಚಿತವಲ್ಲ. ಮಾಡಿಗೆ ತಗಡಿನ ಶೀಟನ್ನು ನಾವೇ ತಂದು ಹಾಕಿಸುತ್ತೇವೆ. ಮೊದಲ ವರ್ಷ ತಿಂಗಳಿಗೊಮ್ಮೆಯಾದರೂ ಹೇಳದೆ ಹೋಗಿ ನೋಡುತ್ತೇವೆ. ಹೋದಾಗ ಮನೆಯವರಿಗಿಂತ ಮೊದಲು ಪಕ್ಕದ ಮನೆಯವರನ್ನು ಮಾತಾಡಿಸುತ್ತೇವೆ. ಅಲ್ಲಿ ಕೇಳುವ ಪ್ರಶ್ನೆ ಒಂದೇ. ಅದು ಏನೆಂದು ಬರೆಯುವುದಿಲ್ಲ, ಎಲ್ಲರಿಗೂ ಗೊತ್ತಾದರೆ ಉತ್ತರ ಸಿದ್ಧವಾಗಿರುತ್ತದೆ. ಒಲ್ಲೆ ಅನ್ನುವ ಚಿಕ್ಕಪ್ಪಂದಿರನ್ನು ಒಪ್ಪಿಸುವ ದಾರಿಯೂ ಒಂದಿದೆ. ಬಂದರೆ ಎದುರಿಗೆ ಕೂತು ಹೇಳುತ್ತೇನೆ.

ಆಡಿನ ವಿಷಯ. ಈಗ ಆಡನ್ನು ಮನೆಯ ಗಂಡಸಿಗೆ ಕೊಡುವುದಿಲ್ಲ, ಮಗುವಿನ ಹೆಸರಿಗೆ ಕೊಡುತ್ತೇವೆ. ಊರವರ ಮುಂದೆ, ಅಧ್ಯಕ್ಷರ ಎದುರಿಗೆ. ಮೊದಲ ಮರಿ ಮುಂದಿನ ಮಗುವಿಗೆ ಹೋಗಬೇಕು. ಹೀಗಾಗಿ ಆ ಆಡನ್ನು ಮಾರಲು ಹೋದರೆ ತಡೆಯಲು ಊರಿನಲ್ಲೇ ಒಬ್ಬರು ಇರುತ್ತಾರೆ. ಸುಮಾರು 40 ಆಡು ಕೊಟ್ಟಿದ್ದೇವೆ, ಮಾರಿಹೋದದ್ದು ಮೂರೋ ನಾಲ್ಕೋ.

ಹಂದಿಯನ್ನೂ ಸಾಕಿ ನೋಡಿದೆವು. ಹದಿನಾಲ್ಕು ಮರಿ ತಂದೆವು. ಆಫ್ರಿಕನ್ ಹಂದಿ ಜ್ವರ ಬಂದು ಹತ್ತೇ ದಿನದಲ್ಲಿ ಎಲ್ಲ ಸತ್ತವು. ಅದಕ್ಕೆ ಅಲ್ಲಿ ಲಸಿಕೆ ಸಿಗುವುದಿಲ್ಲ. 700 ಡಾಲರ್ ಮಣ್ಣಾಯಿತು. ಕೋಳಿ ಮಾತ್ರ ಕೈಹಿಡಿಯಿತು. ನಾಟಿ ಕೋಳಿಗಳನ್ನು ಕೊಲ್ಲುವುದು ನ್ಯೂಕ್ಯಾಸಲ್, ನಮ್ಮಲ್ಲಿ ರಾಣಿಖೇತ್ ಅನ್ನುತ್ತೇವಲ್ಲ ಅದೇ. ನಾಲ್ಕು ತಿಂಗಳಿಗೊಮ್ಮೆ ಕಣ್ಣಿಗೆ ಒಂದು ಹನಿ ಲಸಿಕೆ ಬಿಟ್ಟರೆ ಸಾಕು. ನನ್ನ ಮಗ ಹನ್ನೆರಡನೇ ವಯಸ್ಸಿಗೇ ಇದರಲ್ಲಿ ನಿಪುಣನಾದ. ಕೋಳಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಎರಡು ಬೆರಳಲ್ಲಿ ರೆಪ್ಪೆ ಬಿಡಿಸಿ ಹನಿ ಬಿಡುತ್ತಿದ್ದ. ಕೋಳಿ ಕಣ್ಣು ಮುಚ್ಚಿ ತೆರೆಯುವವರೆಗೂ ಬಿಡುತ್ತಿರಲಿಲ್ಲ. ಒಂದು ಬೆಳಗ್ಗೆ 200 ಕೋಳಿ ಮುಗಿಸಿದ್ದಾನೆ. ಇನ್ನೊಂದು ಪ್ರಯೋಗ ಮುಕೆನೆ ಅನ್ನುವ, ಸರೋವರದ ಸಣ್ಣ ಮೀನಿನದ್ದು. ಒಣಗಿಸಿ ಪುಡಿ ಮಾಡಿ ಮಕ್ಕಳ ಗಂಜಿಗೆ ಹಾಕಿಸಿದೆ. ಸೊರಗಿದ ಮಕ್ಕಳು ತೂಕ ಹಾಕಿದರು. ಹೆಚ್ಚು ಹಾಕಿದರೆ ವಾಸನೆಗೆ ಮುಟ್ಟುವುದಿಲ್ಲ. ಅಳತೆ ಸಿಗುವವರೆಗೆ ಎರಡು ತಿಂಗಳ ಗಂಜಿ ಹಾಳಾಯಿತು.

ನಿಜವಾಗಿ ಎಲ್ಲವನ್ನೂ ಎತ್ತಿ ಹಿಡಿದದ್ದು ಅಜ್ಜಿಯರ ಉಳಿತಾಯದ ಪೆಟ್ಟಿಗೆ. ಇಂಥ ಉಳಿತಾಯದ ಗುಂಪುಗಳು ಆಫ್ರಿಕಾದಲ್ಲಿ ಹೊಸದಲ್ಲ, 1991ರಲ್ಲಿ ನೈಜರ್‌ನಲ್ಲಿ ಶುರುವಾದ ಪದ್ಧತಿ. ಕಬ್ಬಿಣದ ಪೆಟ್ಟಿಗೆ, ಮೂರು ಬೀಗ, ಮೂವರ ಹತ್ತಿರ ಮೂರು ಕೀಲಿ. ಪೆಟ್ಟಿಗೆ ನಾಲ್ಕನೆಯವರ ಮನೆಯಲ್ಲಿ. ನಾನು ಒಂದು ಶಿಲ್ಲಿಂಗ್ ಕೂಡ ಅದಕ್ಕೆ ಹಾಕಲಿಲ್ಲ. ನಮ್ಮವರು ಹಾಕೋಣ ಅಂದರು, ನಾನು ಬಿಡಲಿಲ್ಲ. ಹೊರಗಿನ ದುಡ್ಡು ಬಿದ್ದ ದಿನ ಆ ಪೆಟ್ಟಿಗೆ ನಮ್ಮದಾಗುತ್ತದೆ, ಅವರದ್ದಲ್ಲ. ವಾರಕ್ಕೆ 1,000, 2,000 ಶಿಲ್ಲಿಂಗ್ ಹಾಕುತ್ತಾರೆ. ಡಾಲರಿಗೆ ಆಗಿದ್ದ ಸುಮಾರು 3,700ರ ಲೆಕ್ಕದಲ್ಲಿ ಏನೂ ಅಲ್ಲ ಅನ್ನಿಸಬಹುದು. ಇಪ್ಪತ್ತೈದು ಹೆಂಗಸರ ಗುಂಪು ವರ್ಷದ ಕೊನೆಗೆ ಹಂಚಿಕೊಂಡದ್ದು 20 ಲಕ್ಷ ಶಿಲ್ಲಿಂಗ್ ಹತ್ತಿರ. ನಾಲ್ಕು ವರ್ಷದ ಲೆಕ್ಕ ನಾನೇ ನೋಡಿದ್ದೇನೆ, ಒಂದು ಶಿಲ್ಲಿಂಗ್ ವ್ಯತ್ಯಾಸ ಇಲ್ಲ. ಓದು ಬರಹ ಬಾರದವರು ಕಾಳು ಎಣಿಸಿ ಲೆಕ್ಕ ಇಡುತ್ತಾರೆ.

ಈಗ ಒಂದು ಮಗುವಿಗೆ ತಿಂಗಳಿಗೆ 32, 35 ಡಾಲರ್ ಸಾಕು. ಮೂರನೇ ವರ್ಷದ ಹೊತ್ತಿಗೆ ಕೆಲವು ಮನೆಗಳಿಗೆ ಫೀಸು ಬಿಟ್ಟು ಬೇರೇನೂ ಬೇಕಾಗುವುದಿಲ್ಲ.

ಪರೀಕ್ಷೆ ಬಂದದ್ದು 2020ರ ಮಾರ್ಚ್‌ನಲ್ಲಿ. ಕೊರೊನಾದಿಂದ ಶಾಲೆಗಳು ಮುಚ್ಚಿದವು. ಪೂರ್ತಿಯಾಗಿ ತೆರೆದದ್ದು 2022ರ ಜನವರಿಯಲ್ಲಿ. ಬೋಡಾ ಅನ್ನುವ ಬಾಡಿಗೆ ಬೈಕ್ ಮೇಲೆ ಜನ ಕೂರುವಂತಿಲ್ಲ, ಕಾರು ಓಡಿಸುವಂತಿಲ್ಲ. ಆಗ ನಮ್ಮ ಮನೆಯಲ್ಲಿ ಇನ್ನೂ ಒಂಬತ್ತು ಮಕ್ಕಳಿದ್ದರು. ಅವರಿಗೆ ಅಕ್ಕಿ, ಬೀನ್ಸ್ ತರುವುದೇ ಕಷ್ಟವಾಯಿತು. ಅಜ್ಜಿಯರ ಮನೆಯ ಮಕ್ಕಳು ಬಾಳೆ, ಗೆಣಸು ಕಿತ್ತು ತಿಂದು ಚೆನ್ನಾಗಿದ್ದರು. ಒಬ್ಬ ಜಜ್ಜಾ ನಮಗೇ ಒಂದು ಗೊನೆ ಕಳಿಸಿದರು, ಅದೇ ಹನ್ನೊಂದು ಕಿಲೋಮೀಟರಿನ ಜಜ್ಜಾ. ಎಲ್ಲ ಒಳ್ಳೆಯದೇ ಆಯಿತು ಅಂತ ಹೇಳಲಾರೆ. ಆ ಎರಡು ವರ್ಷದಲ್ಲಿ ನಮ್ಮ ಇಬ್ಬರು ಹುಡುಗಿಯರು ಬಸುರಾದರು. ಒಬ್ಬಳು ಕೂಸನ್ನು ಅಜ್ಜಿಗೆ ಬಿಟ್ಟು ಮತ್ತೆ ಶಾಲೆಗೆ ಹೋದಳು, ಇನ್ನೊಬ್ಬಳು ಹೋಗಲಿಲ್ಲ.

ಸಂಬಂಧಿಕರು ಯಾರೂ ಇಲ್ಲದ ನಾಲ್ಕು ಮಕ್ಕಳಿಗೆ ಇಲ್ಲಿಯ ಸಭೆಗಳಲ್ಲೇ ಸಾಕು ಮನೆ ಹುಡುಕಿದೆವು. ಅದಕ್ಕೆ ಜಾಸ್ತಿ ಸಮಯ ಹಿಡಿಯಿತು. ನಡೆಯಲಾಗದ ಒಬ್ಬ ಹುಡುಗನಿಗೆ ಮೂರು ಮನೆಯವರು ಹೂಂ ಅಂದು ಹಿಂದೆ ಸರಿದರು. ನಾಲ್ಕನೆಯವರು ಒಬ್ಬ ವಿಧವೆ, ಹೊಲಿಗೆಯವರು. ಅವನ ಗಾಲಿ ಕುರ್ಚಿ ಒಳಗೆ ಬರಲೆಂದು ಬಾಗಿಲಿನ ಹೊಸಿಲನ್ನೇ ಒಡೆಸಿದರು. ದತ್ತು ಕೊಡುತ್ತೀರಾ ಅಂತ ಹೊರದೇಶದವರು ಈಗಲೂ ಬರೆಯುತ್ತಾರೆ. ಇಲ್ಲಿಯ ಮಕ್ಕಳ ಕಾಯ್ದೆಯ 2016ರ ತಿದ್ದುಪಡಿಯ ನಂತರ ಹೊರದೇಶದವರಿಗೆ ಲೀಗಲ್ ಗಾರ್ಡಿಯನ್‌ಶಿಪ್, ಅಂದರೆ ಮಗುವಿನ ಕಾನೂನುಬದ್ಧ ಪಾಲಕತ್ವ, ಸಿಗುವುದಿಲ್ಲ. ದತ್ತು ಬೇಕೆಂದರೆ ಬಂದು ವರ್ಷ ಇದ್ದು ಸಾಕಬೇಕು. ಆ ಕಾನೂನು ಸರಿಯಾಗಿದೆ ಅನ್ನುವುದು ನನ್ನ ಅಭಿಪ್ರಾಯ.

600 ಡಾಲರ್ ನಿಲ್ಲಿಸಿದ್ದ ಸಭೆ ಕೊನೆಗೂ ಮತ್ತೆ ಕೊಡಲು ಶುರುಮಾಡಿತು. ಆ ಹಿರಿಯರೇ ಬಂದು ಎಂಟು ದಿನ ನಮ್ಮ ಜೊತೆ ಮನೆ ಮನೆ ಸುತ್ತಿದರು.

ಜನವರಿಯಲ್ಲಿ ಮನೆ ಖಾಲಿ ಮಾಡಿದ ದಿನ, ದಿಂಬಿನಲ್ಲಿ ಪೋಶೋ ಇಡುತ್ತಿದ್ದ ಹುಡುಗ ತನ್ನ ಹಾಸಿಗೆ ಒಯ್ಯಲು ಬಂದ. ಆಗ ಹದಿನೈದು ವರ್ಷ ಅವನಿಗೆ. ಹಾಸಿಗೆಯನ್ನು ಸುರುಳಿ ಸುತ್ತಿ ಬೋಡಾ ಬೈಕಿನ ಹಿಂದೆ ಕಟ್ಟಿದ. ದಿಂಬು ಕೊಡಲು ಹೋದೆ. "ಬೇಡ, ಮನೆಯಲ್ಲಿದೆ" ಅಂದು ಹೊರಟ. ರಾತ್ರಿ ಊಟಕ್ಕೆ ನಾವು ನಾಲ್ಕೇ ಜನ ಕೂತೆವು. ಮಗಳಿಗೆ ಆಗ ಹತ್ತೊಂಬತ್ತು. ಒಳಗೆ ಹೋಗಿ ಆ ಸಹಿ ಹಾಕಿದ ಕಾಗದ ತಂದು ತಟ್ಟೆಯ ಪಕ್ಕ ಇಟ್ಟಳು.