ಕೇಪು ಸಿಡಿದರೂ ಈಡು ಹಾರದ ಕೋವಿ

ಉಡುಪಿಯ ಆಟಿ ಮಳೆ ಕಳೆದು ಹೊರತೆಗೆದ, ಬಾಯಿಯಿಂದ ಮದ್ದು ತುಂಬುವ ಲೈಸೆನ್ಸಿನ ಕೋವಿಯಲ್ಲಿ ಕೇಪು (ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಸಿಡಿಯುತ್ತಿತ್ತು, ಮದ್ದು ಹತ್ತುತ್ತಿರಲಿಲ್ಲ. ಮದ್ದು ತಂಡಿಯಾಗಿದೆ ಅಂದುಕೊಂಡದ್ದು ತಪ್ಪು. ನಳಿಗೆಗೆ ಧಾರಾಳ ಎಣ್ಣೆ ಹಚ್ಚಿ ಬಾಯಿ ಮೇಲಾಗಿ ನಿಲ್ಲಿಸಿಟ್ಟದ್ದೇ ಕಾರಣ. ಎಣ್ಣೆ ಇಳಿದು, ಹಳೆಯ ಮಸಿಯೊಡನೆ ಸೇರಿ, ಕಿಡಿ ಹೋಗುವ ತೂತಿನಲ್ಲಿ ಡಾಂಬರಿನಂತೆ ಕೂತಿತ್ತು.

ಈಡು, ಅಂದರೆ ತುಂಬಿದ ಮದ್ದು-ಗುಂಡು, ತೆಗೆದು, ನಳಿಗೆ ಖಾಲಿಯೆಂದು ಗಜ (ಮದ್ದು ಜಡಿಯುವ ಸರಳು) ಇಳಿಸಿ ಅಳೆದ ಮೇಲೆಯೇ ಕೇಪು ಕೂರುವ ನಿಪ್ಪಲ್ ಬಿಚ್ಚಿದೆ. ಬಿಸಿನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು. ಸೀಮೆಎಣ್ಣೆ ಬೇಡ, ಈ ಮಸಿ ಕರಗುವುದು ನೀರಿಗೇ. ತೂತಿಗೆ ಪೈಪ್ ಕ್ಲೀನರ್, ನಳಿಗೆಗೆ ಬಟ್ಟೆ, ನೀರು ತಿಳಿಯಾಗುವವರೆಗೆ. ಬಿಸಿಯಾರುವ ಮೊದಲೇ ಒರೆಸಿ, ತೆಳುವಾಗಿ ಎಣ್ಣೆ ಸವರಿ, ಬಾಯಿ ಕೆಳಗಾಗಿ ಇಟ್ಟೆ.

ಪರೀಕ್ಷೆಗೆ ಖಾಲಿ ಕೋವಿಗೆ ಕೇಪು ಮಾತ್ರ ಇಟ್ಟು, ಬಾಯಿಯ ಮುಂದೆ ನೆಲದಲ್ಲಿ ಒಣ ಹಲಸಿನೆಲೆ. ಎಲೆ ಹಾರಿತು, ದಾರಿ ತೆರೆದಿದೆ.